ದಾಬಸ್‌ಪೇಟೆಗೆ ಹೋಗಿ ವಾಪಸ್ ಬರುವ ಕೆಲಸ

ನಮ್ಮ ಮಾವನವರಿಗೆ ಹೆಂಡತಿ ಮಕ್ಕಳಿಗಿಂತ ಸೈಕಲ್ ಮೇಲೇ ಹೆಚ್ಚು ಪ್ರೀತಿ ಎಂದು ನಾನು ಹೇಳುವುದಿಲ್ಲ, ಅತ್ತೆಯವರೇ ಹೇಳುತ್ತಿದ್ದರು! ದಿನಾ ಬೆಳಿಗ್ಗೆ ಮೊದಲು ಸೈಕಲ್‌ಗೆ ಸ್ನಾನ, ಆಮೇಲೆ ತಮಗೆ. ಆ ದಿನವೂ ನಾನು ಹಾಲು ಕಾಯಿಸುವಷ್ಟರಲ್ಲಿ ಚಕ್ರದ ಕಡ್ಡಿಗಳನ್ನೆಲ್ಲ ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಅದೇ ಕೈಯನ್ನು ತಲೆಗೂ ಸವರಿಕೊಂಡರು. ಎಣ್ಣೆ ಎಣ್ಣೆಯೇ ತಾನೆ?

ಆದರೆ ಅಂದು ಆ ಸೈಕಲ್ಲಿನ ಹಣೆಬರಹ ತೀರ್ಮಾನವಾಗಬೇಕಿತ್ತು. ಹಿಂದಿನ ತಿಂಗಳು ಮಾವ ಅದರಿಂದ ಬಿದ್ದು ಮಂಡಿ ತರಚಿಕೊಂಡಿದ್ದರು. ಇನ್ನು ಅದನ್ನು ಹಾಲಿನವನಿಗೆ ಕೊಟ್ಟುಬಿಡೋಣ ಎಂದು ನಮ್ಮ ಯಜಮಾನರ ಹಟ. ಕೊನೆಗೆ ಅಪ್ಪ ಮಗ ಒಂದು ಒಪ್ಪಂದಕ್ಕೆ ಬಂದರು. ಬಾಗಲಗುಂಟೆಯಿಂದ ದಾಬಸ್‌ಪೇಟೆಗೆ ತುಳಿದುಕೊಂಡು ಹೋಗಿ, ಮಾವ ದುಡಿದಿದ್ದ ಫ್ಯಾಕ್ಟರಿಯ ಸಂಜೆ ಸೈರನ್ನಿಗೆ ಮುಂಚೆ ಮನೆ ಸೇರಿದರೆ ಸೈಕಲ್ ಮಾವನದು, ತಡವಾದರೆ ಹಾಲಿನವನದು. ಸಾಕ್ಷಿಗೆ ಯಾರು? ನಾನು! ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣೆದುರು ಮೈದಾನ ಸುತ್ತಿದ್ದಷ್ಟೇ ನನ್ನ ಸೈಕಲ್ ವಿದ್ಯೆ. ಬಾಡಿಗೆಗೆ ಲೇಡೀಸ್ ಸೈಕಲ್ ತಂದು, ನೆರಿಗೆಗೆ ಸೇಫ್ಟಿ ಪಿನ್ ಚುಚ್ಚಿಕೊಂಡು ಹೊರಟೆ.

ನಾಗಸಂದ್ರ ದಾಟಿದರೆ ಶೆಡ್ಡುಗಳು ಮುಗಿದು ರಾಗಿ ಹೊಲ. ಮಾವ ಎದುರಿಗೆ ಬಂದ ಎಮ್ಮೆಗೂ ಬೆಲ್ ಹೊಡೆದು, ಅದು ಪಕ್ಕಕ್ಕೆ ಸರಿದರೆ ಥ್ಯಾಂಕ್ಸ್ ಹೇಳುತ್ತಿದ್ದರು. ನೆಲಮಂಗಲದಾಚೆ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ಸೊಂಟ ನೆಟ್ಟಗೆ ಮಾಡಿಕೊಂಡಳು.

"ಎತ್ತಾಗೋಯ್ತಿದ್ದೀರ ಸ್ವಾಮಿ?"

"ದಾಬಸ್‌ಪೇಟೆಗೆ."

"ಅಲ್ಲೇನು ಕೆಲ್ಸ?"

"ವಾಪಸ್ ಬರೋದು."

ಊಟದ್ದು ಇನ್ನೊಂದು ಕಥೆ. ನಿವೃತ್ತರಾದ ಮೇಲೂ ಮಾವ ಮಧ್ಯಾಹ್ನದ ಸೈರನ್ ಕೇಳದೆ ತುತ್ತು ಎತ್ತಿದವರಲ್ಲ. ದಾಬಸ್‌ಪೇಟೆಯ ಹುಣಸೆಮರದ ಕೆಳಗೆ ಎಲ್ಲಿಯ ಸೈರನ್? ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ನನ್ನ ಹೊಟ್ಟೆ ಕೂಗುತ್ತಿದ್ದುದು ಅವರ ಲೆಕ್ಕಕ್ಕಿಲ್ಲ! ಕಡೆಗೆ ಎದ್ದು, ಟೀ ಕುಡಿಯುತ್ತಿದ್ದ ಲಾರಿ ಡ್ರೈವರನ ಬಳಿ ಹೋದರು.

"ಒಂದ್ಸಲ ಉದ್ದಕ್ಕೆ ಹಾರನ್ ಹೊಡಿಯಪ್ಪಾ, ನಾವು ಊಟ ಮಾಡ್ಬೇಕು."

ಆ ಪುಣ್ಯಾತ್ಮ ಒಂದು ಮಾತೂ ಕೇಳದೆ ಹೊಡೆದ.

ವಾಪಸು ಬರುವಾಗ ನೆಲಮಂಗಲದಲ್ಲಿ ನನ್ನ ಮೀನಖಂಡ ಹಿಡಿದುಕೊಂಡಿತು. ಮಾವ ನನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿ, ಕಂಡಕ್ಟರಿಗೆ ಎರಡೆರಡು ಸಲ ಹೇಳಿ, ನನ್ನನ್ನು ಹತ್ತಿಸಿದರು. ಸಾಕ್ಷಿ ಹೇಳುವವರು ಯಾರು ಎಂದೆ. "ಸೈರನ್ನೇ ಸಾಕ್ಷಿ, ನೀನು ಹೋಗಮ್ಮ" ಅಂದರು.

ಆ ಬಸ್ಸೋ, ಎಲ್ಲ ಹಳ್ಳಿಗೂ ನೆಂಟ! ಒಳದಾರಿಯಲ್ಲಿ ಸುತ್ತಿ ಸುತ್ತಿ ದಾಸರಹಳ್ಳಿಯಲ್ಲಿ ನನ್ನನ್ನು ಇಳಿಸುವಾಗ ಸೈರನ್ ಕೂಗಿಯೇ ಬಿಟ್ಟಿತು. ಸೈಕಲ್ ತಳ್ಳಿಕೊಂಡು ಮನೆ ಮುಟ್ಟಿದರೆ ಯಜಮಾನರು ಗೇಟಿನಲ್ಲಿ ನಗುತ್ತಾ ನಿಂತಿದ್ದಾರೆ, ಮಾವನ ಸುಳಿವಿಲ್ಲ. ಅಷ್ಟರಲ್ಲಿ ಮಾವ ನನ್ನ ಹಿಂದೆಯೇ ಬಂದರು. ಮುಖ ಒರೆಸಿಕೊಂಡು, ಸೈಕಲ್ಲಿನ ಬೀಗದ ಕೈ ತೆಗೆದು ಮಗನ ಕೈಗಿಟ್ಟರು.

"ವಯಸ್ಸಾಯ್ತು ಕಣೋ. ಏರಿನಲ್ಲಿ ಕಾಲು ಬರ್ಲಿಲ್ಲ."

ನಾನೂ ಹಾಗೇ ಅಂದುಕೊಂಡೆ. ಪಾಪ ಎನ್ನಿಸಿ ಒಂದು ಲೋಟ ಕಾಫಿ ಜಾಸ್ತಿಯೇ ಕೊಟ್ಟೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಹಾಲಿಗೆ ಹೆಪ್ಪು ಕೇಳಿಕೊಂಡು ಬಂದರು. ಬಟ್ಟಲು ಮುಂದೆ ಹಿಡಿಯುತ್ತಾ ಅಂದರು:

"ನಿಮ್ಮನೆಗೆ ಯಾರಾದ್ರೂ ನೆಂಟರು ಬರೋರಿದ್ರೇನ್ರೀ? ನಾನು ತರಕಾರಿಗೆ ಹೋಗೋವಾಗ್ಲೂ ಬರೋವಾಗ್ಲೂ ನಿಮ್ಮ ಮಾವ ದಾಸರಹಳ್ಳಿ ಬಸ್‌ಸ್ಟಾಪ್ ಎದುರುಗಡೆ ಸೈಕಲ್ ಹಿಡ್ಕೊಂಡು ನಿಂತಿದ್ರು. ಇನ್ನೂ ಸೈರನ್ ಕೂಗಿರ್ಲಿಲ್ಲ. ಬಂದ ಒಂದೊಂದು ಬಸ್ಸನ್ನೂ ಇಣುಕಿ ಇಣುಕಿ ನೋಡ್ತಿದ್ರು ಕಣ್ರೀ."