ಪ್ರಾಣೇಶನ ಬಿಲ್ಲೆ ಮತ್ತು ಗಡ್ಡೆಯ ಕಾಗೆ

"ಭಾವಾ, ಇದನ್ನ ಕೊರಳಾಗ ಹಾಕ್ಕೊಂಡ್ರ ಸಾಕು! ನೀವು ಏನು ಮುಟ್ಟಿದ್ರೂ ಈ ಪೆಟ್ಟಿಗಿ ಹೆಸರು ಹಿಡದು ಹೇಳ್ತದ. ಜಗತ್ತಿನಾಗ ಎಲ್ಲೂ ಇಲ್ಲ!"

ಹೀಗೆಂದು ನನ್ನ ಹೆಂಡತಿಯ ತಮ್ಮ ಪ್ರಾಣೇಶ ಕೃಷ್ಣೆಯ ದಂಡೆಯಲ್ಲಿ, ದೋಣಿಗೆ ಕಾದು ನಿಂತ ಜನರೆದುರು ಎದೆಯುಬ್ಬಿಸಿದ. ಅವನ ಕೊರಳಲ್ಲಿ ರೂಪಾಯಿಯಗಲದ ಹೊಳೆಯುವ ಬಿಲ್ಲೆ, ಮುಂದೆ ಟ್ರಾನ್ಸಿಸ್ಟರಿನಂಥ ಪೆಟ್ಟಿಗೆ. ಅದು ರೋಗದ ಕಾಲ. ನದಿಯ ನಡುವಿನ ಹಂಸನಗಡ್ಡೆಗೆ ಹೋಗಬೇಕಾದರೆ ಪಾಸು ಬೇಕು, ಅಲ್ಲಿ ಏನೇನು ಮುಟ್ಟಿದೆವೆಂದು ಲೆಕ್ಕ ಒಪ್ಪಿಸಬೇಕು ಎಂದು ಗಡ್ಡೆಯ ಪಂಚಾಯ್ತಿ ನಿಯಮ ಮಾಡಿತ್ತು. ಜನ ಮರೆಯುತ್ತಾರೆ, ಯಂತ್ರ ಮರೆಯುವುದಿಲ್ಲ ಎಂದು ಪ್ರಾಣೇಶ ಅವರ ತಲೆ ತಿಂದು ಒಪ್ಪಿಸಿದ್ದ.

ಅವನು ಗುಂಡಿ ಒತ್ತಿದ. ಪೆಟ್ಟಿಗೆ ಹೆಣ್ಣುದನಿಯಲ್ಲಿ ಮಾತಾಡಿತು: "ಪ್ರಾಣೇಶ. ನಿನ್ನೆ ಮುಟ್ಟಿದ್ದು: ಸೈಕಲ್ಲು. ಬಾಗಿಲ ಚಿಲಕ. ಉಳ್ಳಾಗಡ್ಡಿ ಭಜಿ."

"ನಿನ್ನಿ ಏಕಾದಶಿ ಇತ್ತಲ್ಲೋ ಪ್ರಾಣ್ಯಾ!" ಎಂದೆ.

"ಪರೀಕ್ಷಾಕ್ಕಂತ ಮುಟ್ಟಿದ್ದು ಭಾವಾ. ತಿಂದಿಲ್ಲ!"

"ಬಾಯಿಂದ ಮುಟ್ಟಿದ್ದು," ಎಂದಿತು ಪೆಟ್ಟಿಗೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹೆಂಡತಿ ಗೋದಾಬಾಯಿ ಅದೇ ರೋಗದಲ್ಲಿ ತೀರಿಕೊಂಡು ಅಂದಿಗೆ ಹತ್ತನೆಯ ದಿನ. ಆಸ್ಪತ್ರೆಯವರು ಗಾಜಿನಾಚೆಯಿಂದ ತೋರಿಸಿದ್ದರು. ಕೈಹಿಡಿದವಳ ಕೈಯನ್ನು ಕಡೆಗಾಲದಲ್ಲಿ ಮುಟ್ಟಲಾಗಲಿಲ್ಲ. ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ನಮ್ಮಲ್ಲಿ ಹತ್ತನೆಯ ದಿನದ ಪಿಂಡವನ್ನು ಕಾಗೆ ಮುಟ್ಟಿದರೆ ಹೋದವರಿಗೆ ಆಸೆ ಉಳಿದಿಲ್ಲ, ದಾಟಿದರು ಎಂದು ತಿಳಿಯುತ್ತೇವೆ. ಮುಟ್ಟದಿದ್ದರೆ ಇಲ್ಲೇ ಸುತ್ತುತ್ತಿರುತ್ತಾರೆ. ನಮ್ಮ ಮನೆತನದವರಿಗೆ ಆ ಪಿಂಡ ಗಡ್ಡೆಯ ಆಲದ ಮರದಡಿಯಲ್ಲೇ ಆಗಬೇಕು. ಆದ್ದರಿಂದ ನಾನೂ ಕೊರಳೊಡ್ಡಿ ಬಿಲ್ಲೆ ಕಟ್ಟಿಸಿಕೊಂಡೆ.

ಪಾಸು ನೋಡುತ್ತಿದ್ದವನು ಪಂಚಾಯ್ತಿಯ ಗುಮಾಸ್ತ ಮಲ್ಲಪ್ಪ. ಜನ ಅವನನ್ನು ಮುತ್ತಿದ್ದರು.

"ದೋಣ್ಯಾಗ ಆರಡಿ ದೂರ ಕುಂದರಬೇಕಂತೀರಿ. ದೋಣೀನೇ ಆರಡಿ ಐತಲ್ರೀ!" ಎಂದಳು ಬಳೆ ಮಾರುವಾಕೆ.

"ಹಂಗಾದ್ರ ಒಬ್ರು ದೋಣ್ಯಾಗ, ಒಬ್ರು ನೀರಾಗ."

"ಗಡ್ಡಿ ಮ್ಯಾಲೆ ಸೀನು ಬಂದ್ರ?"

"ನುಂಗ್ರಿ."

"ಇವತ್ತೇ ತಿರುಗಿ ಬರಬಹುದೇನಪಾ?" ಎಂದು ನಾನು ಕೇಳಿದೆ.

"ಐದು ಮನಿಗಿಂತ ಹೆಚ್ಚು ಮುಟ್ಟಿದವ್ರನ್ನ, ಅವ್ರು ಮುಟ್ಟಿದ ಮನಿಯವ್ರನ್ನ ಹದಿನಾಕು ದಿನ ಗಡ್ಡಿ ಬಿಟ್ಟು ಹೋಗಾಕ ಬಿಡಂಗಿಲ್ರೀ ಅಜ್ಜಾರ."

"ನಾ ಒಂದು ಪಿಂಡ ಮುಟ್ಟಾಂವ, ಅಷ್ಟ," ಎಂದು ದೋಣಿ ಹತ್ತಿದೆ. ಪ್ರಾಣೇಶನೂ ಹತ್ತಿದ. ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮಲ್ಲಪ್ಪನೂ ಬಂದ.

ಗಡ್ಡೆಯ ಪುರೋಹಿತರು ಬಿಂದಾಚಾರ್ಯರು. ವಿಧಿ ಮುಗಿಸಿ, ಬಾಳೆಯೆಲೆಯ ಮೇಲೆ ಎಳ್ಳು ಬೆರೆಸಿದ ಅನ್ನದ ಪಿಂಡವಿಟ್ಟು, ಒಬ್ಬರಿಗೊಬ್ಬರು ಆರಡಿ ಬಿಟ್ಟು ಹಿಂದೆ ಸರಿದೆವು. ಮರದ ತುಂಬ ಕಾಗೆಗಳು. ಬೂದುಗೊರಳಿನ ಒಂದು ಮುದಿಕಾಗೆ ಕುಪ್ಪಳಿಸುತ್ತ ಹತ್ತಿರ ಬಂತು. ನಾನು ಕೈಮುಗಿದೆ.

"ಅಂತರ ಕಾಪಾಡಿ! ಅಂತರ ಕಾಪಾಡಿ!" ಎಂದು ನನ್ನ ಎದೆಯ ಮೇಲಿನ ಬಿಲ್ಲೆ ಕಿರುಚಿತು. ಪ್ರಾಣೇಶನ ಬಿಲ್ಲೆಯೂ ದನಿಗೂಡಿಸಿತು. ಕಾಗೆ ಹಾರಿ ಹೋಯಿತು.

"ಬಂದ್ ಮಾಡೋ ಅದನ್ನ!"

"ಬಂದ್ ಮಾಡ್ಲಿಕ್ಕೆ ಬರೂದಿಲ್ಲ ಭಾವಾ. ಮಂದಿ ಮೋಸ ಮಾಡಬಾರ್ದಂತ ಗುಂಡೀನೇ ಇಟ್ಟಿಲ್ಲ!"

"ಜೀವ ಇದ್ದದ್ದು ಯಾವುದು ಹತ್ತಿರ ಬಂದ್ರೂ ಒದರ್ತದೇನು?"

"ದೂರ ಹೋದ್ರೂ ಒದರ್ತದ. ತಪ್ಪಿಸಿಕೊಂಡು ಹೊಂಟಾರಂತ ತಿಳೀತದ. ಅದೇ ಅದರ ಜಾಣತನ!"

ಕಾಗೆ ಮತ್ತೆ ಇಳಿಯಿತು, ಬಿಲ್ಲೆಗಳು ಕಿರುಚಿದವು. ಮತ್ತೆ ಇಳಿಯಿತು, ಮತ್ತೆ ಕಿರುಚಿದವು. ಬಿಸಿಲೇರಿತು. ಬಿಂದಾಚಾರ್ಯರು ಬೆವರು ಒರೆಸಿಕೊಂಡು, "ರಾಯರ, ಆಕೀದು ಏನೋ ಆಸೆ ಉಳದದ. ಮಾತು ಕೊಡ್ರಿ," ಎಂದರು.

"ಗೋದಾ, ನಿನ್ನ ತುಳಸಿಗೆ ದಿನಾ ನೀರು ಹಾಕ್ತೀನಿ!" ಎಂದು ಕೂಗಿದೆ. ಕಾಗೆ ಒಂದು ಕೊಂಬೆ ಇಳಿಯಿತು. ಬಿಲ್ಲೆ ಕಿರುಚಿತು. ಎರಡು ಕೊಂಬೆ ಏರಿತು.

"ಇನ್ನು ಮ್ಯಾಲೆ ನಿನ್ನ ತಮ್ಮನ್ನ ಬೈಯೂದಿಲ್ಲ!"

"ಅದು ಆಗೂ ಮಾತಲ್ಲಂತ ಕಾಗಿಗೂ ಗೊತ್ತದ," ಎಂದು ಪ್ರಾಣೇಶ ಗೊಣಗಿದ.

ಕಾಗೆ ಬಿಲ್ಲೆಗೆ ಹೆದರಿತೋ, ಗೋದಾ ನನ್ನ ಮೇಲೆ ಮುನಿದಳೋ? ಈ ಗದ್ದಲದಲ್ಲಿ ತಿಳಿಯುವುದಾದರೂ ಹೇಗೆ? ಅಂದು ಗಾಜು ಅಡ್ಡವಾಗಿತ್ತು, ಇಂದು ಬಿಲ್ಲೆ. ಬಿಂದಾಚಾರ್ಯರು ದರ್ಭೆಯಿಂದ ಕಾಗೆ ಕಟ್ಟತೊಡಗಿದರು. ಕಾಗೆ ಬಾರದಿದ್ದರೆ ಹಾಗೆ ಮುಟ್ಟಿಸಿ ಮುಗಿಸುವುದುಂಟು.

"ಬ್ಯಾಡ್ರಿ ಆಚಾರ್ರೇ. ಹುಲ್ಲಿನ ಕಾಗಿ ಮುಟ್ಟಿದ್ರ ಆಕಿ ಮನಸ್ಸು ನನಗ ಹ್ಯಾಂಗ ತಿಳೀತದ?" ಎಂದು ಬಿಲ್ಲೆಯನ್ನು ಕಿತ್ತು ಹುಲ್ಲಿನ ಮೇಲೆ ಎಸೆದುಬಿಟ್ಟೆ!

ಅದು ಬಿಸಿಲಿಗೆ ಫಳಫಳ ಹೊಳೆಯಿತು. ಮುದಿಕಾಗೆ ಸರ್ರನೆ ಇಳಿದು ದಾರಕ್ಕೆ ಕೊಕ್ಕು ಹಾಕಿತು. ದಾರ ಅದರ ಕೊರಳಿಗೇ ಸಿಕ್ಕಿಕೊಂಡಿತು! ಕಾಗೆ ಗಾಬರಿಯಿಂದ ಊರ ಮೇಲೆ ಹಾರಿತು. ಅದು ಹೋದಲ್ಲೆಲ್ಲ ಆಕಾಶದಿಂದ "ಅಂತರ ಕಾಪಾಡಿ!" ಎಂಬ ಅಪ್ಪಣೆ. ಹೆಂಗಸರು ಒಲೆ ಬಿಟ್ಟು ಹೊರಗೋಡಿ ಬಂದರು. ನಾಯಿಗಳು ಮೇಲೆ ನೋಡಿ ಬೊಗಳಿದವು.

ಮಲ್ಲಪ್ಪ ಸೀಟಿ ಊದುತ್ತ ಬಂದ. "ಬಿಲ್ಲಿ ತಗದ್ರ್ಯಾ? ನಡೀರಿ, ಎಲ್ಲಾರೂ ದಂಡಿಗೆ ನಡೀರಿ!" ನಾನು ತಿರುಗಿ ತಿರುಗಿ ನೋಡುತ್ತ ನಡೆದೆ. ಪಿಂಡ ಎಲೆಯ ಮೇಲೆ ಹಾಗೇ ಇತ್ತು. ಮರ ಮರೆಯಾಯಿತು. ಇನ್ನು ಅವಳು ದಾಟಲಿಲ್ಲ ಎಂದುಕೊಂಡೆ.

ಗಡ್ಡೆಯ ದಂಡೆಯಲ್ಲಿ ಮಲ್ಲಪ್ಪ ಪೆಟ್ಟಿಗೆಯ ಗುಂಡಿ ಒತ್ತಿದ.

"ವೆಂಕೋಬರಾವ್," ಎಂದು ಅದು ನನ್ನ ಹೆಸರು ಹೇಳಿತು. "ಮುಟ್ಟಿದ್ದು: ಗೌಡರ ಮಾಳಿಗೆ. ಬಡಿಗೇರ ಹಂಚು. ಶಾಲೆಯ ಗಂಟೆ. ಪಂಚಾಯ್ತಿಯ ಛಾವಣಿ. ಎಮ್ಮೆಯ ಬೆನ್ನು."

"ಅಜ್ಜಾರ, ಈ ವಯಸ್ಸಿನಾಗ ಎಮ್ಮಿ ಏರಿದ್ರ್ಯಾ?"

"ಸತ್ತ ಇಲಿ. ಬಾಯಿಂದ ಮುಟ್ಟಿದ್ದು."

"ಹರಿ ಹರಿ! ಕಾಗಿ ಮುಟ್ಟಿದ್ದಪಾ ಅದು!"

"ಪೆಟ್ಟಿಗಿ ನಿಮ್ಮ ಹೆಸರು ಹೇಳಾಕತ್ತೈತಿ. ಊರಾಗ ಒಂದು ಮನಿ ಬಿಟ್ಟಿಲ್ಲ ನೀವು!"

ಗಡ್ಡೆಗೆ ಗಡ್ಡೆಯೇ ಬಂದ್ ಆಯಿತು. ತನ್ನ ಕಚೇರಿಯ ಛಾವಣಿಯೂ ಸೇರಿದ್ದರಿಂದ ಮಲ್ಲಪ್ಪನೂ ಒಳಗೇ ಉಳಿದ. ಅವನು ಪೆಟ್ಟಿಗೆ ಎತ್ತಿಕೊಳ್ಳುವಷ್ಟರಲ್ಲಿ ಅದು ಮತ್ತೆ ನುಡಿಯಿತು.

"ವೆಂಕೋಬರಾವ್. ಈಗ ಮುಟ್ಟಿದ್ದು: ಆಲದ ಬೇರು. ಬಾಳೆಯೆಲೆ. ಎಳ್ಳಿನ ಅನ್ನದ ಉಂಡೆ. ಬಾಯಿಂದ ಮುಟ್ಟಿದ್ದು."

ಪ್ರಾಣೇಶ ತಾನೇ ಮಾಡಿದ ಪೆಟ್ಟಿಗೆಗೆ ಕೈಮುಗಿದು, "ಅಕ್ಕಾ," ಎಂದು ಅತ್ತ. ನಾನು ನದಿಯ ಕಡೆ ತಿರುಗಿ ನಿಂತೆ.

ಇದನ್ನು ಗಡ್ಡೆಯ ಶಾಲೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗೆಯ ಕೊರಳಿನ ಬಿಲ್ಲೆ ಇನ್ನೂ ಬಿದ್ದಿಲ್ಲ. ಅದು ಹೊಸದಾಗಿ ಏನಾದರೂ ಮುಟ್ಟಿದಾಗಲೆಲ್ಲ ನನ್ನ ಹದಿನಾಲ್ಕು ದಿನ ಮೊದಲಿನಿಂದ ಶುರುವಾಗುತ್ತದೆ. ಗೋದಾ ಪಾಸಿಲ್ಲದೆ ದಾಟಿಹೋದಳು. ನಾನು ಅವಳ ತಮ್ಮನ ಜೊತೆ ಒಂದೇ ಕೋಣೆಯಲ್ಲಿ ಉಳಿದಿದ್ದೇನೆ. ಬೈಯುವುದಿಲ್ಲ ಎಂದು ಬೇರೆ ಮಾತು ಕೊಟ್ಟಿದ್ದೇನೆ.