ಯುದ್ಧ ಮುಗಿದ ಮೇಲೆ ಬಂದ ಮೂವತ್ತು ಪೆಟ್ಟಿಗೆ

ಯುದ್ಧ ಮುಗಿದ ಮೇಲೆ ಧೈರ್ಯ ಬರುವುದು ಲೋಕದ ರೂಢಿ. ನಮ್ಮ ಬೀದಿಗೆ ಮಾತ್ರ ಆಮೇಲೆ ಭಯ ಬಂತು. ಗಡಿಯಲ್ಲಿ ಗುಂಡಿನ ಸದ್ದು ನಿಂತ ಮುಂದಿನ ಭಾನುವಾರ, ಜಯನಗರದ ನಮ್ಮ ನಿವಾಸಿಗಳ ಸಂಘ ತುರ್ತಾಗಿ ಸಭೆ ಸೇರಿ, ಇನ್ನೊಂದು ಯುದ್ಧವಾಗಿ ಮೊಬೈಲ್ ಸತ್ತರೆ ಗತಿಯೇನೆಂದು ಚಿಂತಿಸಿ, ಮನೆಯಿಂದ ಮನೆಗೆ ತಂತಿ ಎಳೆದು ಮಾತಾಡುವ ಟೆಲಿಫೋನುಗಳನ್ನು ತರಿಸಲು ತೀರ್ಮಾನಿಸಿತು. ನಮ್ಮ ಬೀದಿಯ ಅಗಲವೋ, ಎದುರು ಮನೆಯವರು ಸೀನಿದರೆ ನಾವು ಶತಾಯುಸ್ಸು ಎನ್ನುವಷ್ಟು.

ಮಾಲು ಬರುವ ಹೊತ್ತಿಗೆ ಭಯ ಹೋಗಿತ್ತು. ಕಾರ್ಯದರ್ಶಿಯಾದ ನಾನು ಮೂವತ್ತು ದೊಡ್ಡ ಪೆಟ್ಟಿಗೆಗಳನ್ನು ನಮ್ಮ ಮನೆಯ ಹಾಲ್‌ನಲ್ಲಿ ಇಳಿಸಿಕೊಂಡೆ. ಅಧ್ಯಕ್ಷ ರಂಗಸ್ವಾಮಯ್ಯನವರು, "ಒಳ್ಳೇ ಐಡಿಯಾ ಅಂದೆ ಅಷ್ಟೇ ಸಾರ್, ತರ್ಸಿ ಅಂದ್ನಾ?" ಎಂದರು. ಎದುರು ಮನೆಯ ಸುಶೀಲಮ್ಮ, "ನಾನು ತಲೆ ಆಡ್ಸಿದ್ದು ಬೋಂಡ ಚೆನ್ನಾಗಿದೆ ಅಂತ" ಎಂದರು. ತೀರ್ಮಾನ ಎಲ್ಲರದು, ನನ್ನದೇನೂ ಇಲ್ಲವೆಂದು ನಾನು ನಡಾವಳಿ ಪುಸ್ತಕ ತೆರೆದು ತೋರಿಸಿದೆ; ಅದರಲ್ಲಿ ಎಲ್ಲರ ಸಹಿಯೂ ಇತ್ತು. ಆದರೆ ತಿಂಡಿ ಮುಗಿದೊಡನೆ ಜನ ಎದ್ದುಹೋಗುವುದರಿಂದ, ಖಾಲಿ ಹಾಳೆಗೆ ಮೊದಲೇ ಸಹಿ ಹಾಕಿಸಿಕೊಂಡು, ನಿರ್ಣಯವನ್ನು ಮರುದಿನ ನಾನು ಮನೆಯಲ್ಲಿ ಕೂತು ಬರೆಯುವುದು ಸಂಘದ ಸಂಪ್ರದಾಯ. "ಸಹಿ ನಮ್ದೇ, ಅಕ್ಷರ ನಿಮ್ದು" ಎಂದು ಅಧ್ಯಕ್ಷರು ತೀರ್ಪಿತ್ತರು. ಅಂಗಡಿಯವರು, ಹೇಳಿ ಮಾಡಿಸಿದ ಮಾಲು ವಾಪಸ್ ಇಲ್ಲವೆಂದರು.

ಅಷ್ಟರಲ್ಲಿ ನವರಾತ್ರಿ ಬಂತು. ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪದೆ ಗೊಂಬೆ ಕೂರಿಸಿದ ನನ್ನ ಹೆಂಡತಿ, "ರೀ, ಹಾಲಲ್ಲಿ ಗೊಂಬೆ ಕೂರ್ಬೇಕು, ಇಲ್ಲ ಪೆಟ್ಟಿಗೆ ಕೂರ್ಬೇಕು. ಎರಡೂ ಅಂದ್ರೆ ನೀವು ಬೀದೀಲಿ ಕೂರ್ಬೇಕು" ಎಂದಳು. ಮನೆಮನೆಯ ಬಾಗಿಲು ತಟ್ಟಿದೆ. ಒಂದೇ ಒಂದು ಪೆಟ್ಟಿಗೆಗೂ ಯಾರೂ ಜಾಗ ಕೊಡಲಿಲ್ಲ.

ಸೋತು ಮರಳಿದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಪೆಟ್ಟಿಗೆಗಳೆಲ್ಲ ಒಂದರ ಮೇಲೊಂದೇರಿ, ಬಿಳಿ ಪಂಚೆ ಹೊದ್ದು, ಐದು ಭವ್ಯ ಮೆಟ್ಟಿಲುಗಳಾಗಿದ್ದವು. ಸೂರಿಗೆ ಗೇಣು ದೂರದಲ್ಲಿ ಪಟ್ಟದ ರಾಜರಾಣಿಯರು ನನ್ನನ್ನು ಕೆಳನೋಟದಿಂದ ನೋಡುತ್ತಿದ್ದರು. ಇಡೀ ಬೀದಿ ಹೊರಲೊಲ್ಲದ ಹೊಣೆಯ ಮೇಲೆ ಇವಳು ದಸರಾ ದರ್ಬಾರನ್ನೇ ಕೂರಿಸಿದ್ದಳು! ಚಪ್ಪಲಿ ಬಿಟ್ಟದ್ದೂ ಕೈ ಮುಗಿದದ್ದೂ ನನಗೆ ಗೊತ್ತಾಗಲಿಲ್ಲ.

ಸಂಜೆ ಬೀದಿಯೇ ಬಂದು ಬಾಯಿ ತೆರೆದು ನಿಂತಿತು. ಪಂಚೆಯ ಒಳಗಿರುವುದು ಅವೇ ಪೆಟ್ಟಿಗೆಗಳೆಂದು ತಿಳಿದದ್ದೇ ತಡ, ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ತರ್ಸೋಣ ಅಂತ ಮೊದ್ಲು ಹೇಳಿದ್ದೇ ನಾನು" ಎಂದರು. "ಹೂಂ ಅಂದಿದ್ದು ನಾನು!" ಎಂದರು ಸುಶೀಲಮ್ಮ. ತಿಂಗಳುಗಟ್ಟಲೆ ನನ್ನದೇನೂ ಇಲ್ಲವೆಂದು ಸಾಧಿಸಿದ್ದ ನಾನು, ಕೇವಲ ಸತ್ಯದ ಹಿತದೃಷ್ಟಿಯಿಂದ, ಮೆಟ್ಟಿಲುಗಳ ಮುಂದೆ ಎದೆ ಸೆಟೆಸಿ ನಿಂತು, "ಬರೆದದ್ದೂ ನಾನೇ, ಇಳಿಸಿಕೊಂಡದ್ದೂ ನಾನೇ" ಎಂದು ಘೋಷಿಸಿದೆ.

"ಗೊತ್ತಾಯ್ತು ರೀ," ಎಂದಳು ಹೆಂಡತಿ. "ಸ್ವಲ್ಪ ಪಕ್ಕಕ್ಕೆ ಬನ್ನಿ, ಅವ್ರಿಗೆ ಗೊಂಬೆ ಕಾಣ್ತಿಲ್ಲ."