ಭಾವಮೈದನಿಗೊಂದು ವೋಟು

ಆರ್ವಿಲ್ ಬೆಸೆಟ್‌ನ ಹೆಂಡತಿಯ ತಮ್ಮ ಕರ್ಟಿಸ್ "ಎರಡು ದಿನ ಇದ್ದು ಹೋಗ್ತೀನಿ ಭಾವ" ಎಂದು ಬಂದವನು ಮೂರು ವರ್ಷವಾದರೂ ಸೋಫಾ ಬಿಟ್ಟು ಎದ್ದಿರಲಿಲ್ಲ. ದಿನವಿಡೀ ಊರಿನ ಮಣ್ಣುರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸಿ, ಸೊಂಟ ಹಿಡಿದುಕೊಂಡು ಮನೆಗೆ ಬರುವ ಆರ್ವಿಲ್‌ಗೆ ಸಿಗುತ್ತಿದ್ದುದು ಅಡುಗೆಮನೆಯ ಮರದ ಕುರ್ಚಿ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಕರ್ಟಿಸ್ ಮಲಗಿಕೊಂಡೇ ತಿನ್ನುತ್ತಿದ್ದ.

ಹೀಗಿರುವಾಗ ಕರ್ಟಿಸ್ ವರ್ಮಾಂಟ್ ರಾಜ್ಯದ ಶಾಸನಸಭೆಗೆ ನಿಲ್ಲುತ್ತೇನೆಂದ. ಊರೆಲ್ಲ ನಕ್ಕಿತು, ಆರ್ವಿಲ್ ನಗಲಿಲ್ಲ. ಗೆದ್ದರೆ ಎರಡು ವರ್ಷ ಶಾಸಕ, ಜನವರಿಯಿಂದ ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಅಧಿವೇಶನ. ಶಾಸಕರೆಲ್ಲ ಅಲ್ಲೇ ಕೋಣೆ ಹಿಡಿಯುತ್ತಾರೆಂದು ಅವನು ಕೇಳಿದ್ದ. ಆ ವರ್ಷ ಆನೆ ಗುರುತಿನ ಪಕ್ಷದಿಂದ ಯಾರೂ ನಿಂತಿರಲಿಲ್ಲ. ಕತ್ತೆ ಗುರುತಿನ ಪಕ್ಷದ ಟಿಕೆಟ್ಟಿಗೆ ಮಾತ್ರ ಇಬ್ಬರು: ಕರ್ಟಿಸ್ ಮತ್ತು ನಿವೃತ್ತ ಹೆಡ್‌ಮೇಡಂ ಪ್ರೂಡೆನ್ಸ್ ಹೇಲ್. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಆಗಸ್ಟಿನ ಪ್ರೈಮರಿಯಲ್ಲಿ ಗೆದ್ದವರಿಗೆ ನವೆಂಬರ್ ಚುನಾವಣೆಯಲ್ಲಿ ಎದುರಾಳಿಯೇ ಇಲ್ಲ, ಅವರೇ ಶಾಸಕರು.

ಪ್ರೈಮರಿಯ ದಿನ ಆರ್ವಿಲ್ ರಜೆ ಹಾಕಿ, ಕರ್ಟಿಸ್‌ಗೆ ವೋಟು ಕೇಳಲು ಬೆಳಿಗ್ಗೆಯೇ ಬೆವರ್ಲಿಯ ಐಸ್‌ಕ್ರೀಮ್ ಅಂಗಡಿಗೆ ಹೋದ.

"ಆಗಸ್ಟ್‌ನಲ್ಲಿ ಯಾರು ವೋಟ್ ಹಾಕ್ತಾರೆ ಮಾರಾಯಾ. ನವೆಂಬರ್‌ಗೆ ನೋಡೋಣ ಬಿಡು," ಎಂದಳು ಬೆವರ್ಲಿ.

"ನವೆಂಬರ್‌ನಲ್ಲಿ ನೋಡೋಕೆ ಒಂದೇ ಹೆಸರು ಇರತ್ತೆ ಬೆವರ್ಲಿ. ಅಡುಗೆ ಆಗೋದು ಇವತ್ತು, ಆಮೇಲೆ ಬರೀ ಬಡಿಸೋದು."

"ಭಾವಮೈದನ ಮೇಲೆ ಇಷ್ಟೊಂದು ಪ್ರೀತಿ ಇರೋದು ಗೊತ್ತೇ ಇರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲ," ಎಂದ ಆರ್ವಿಲ್.

"ಸರಿ, ವೋಟ್ ಹಾಕಿ ಬರ್ತೀನಿ. ಅಲ್ಲಿವರೆಗೆ ಐಸ್‌ಕ್ರೀಮ್ ಮೆಷಿನ್ ನೋಡ್ಕೊ."

ಹತ್ತು ನಿಮಿಷದ ಕೆಲಸಕ್ಕೆ ಹೋದ ಬೆವರ್ಲಿ ಊರಿನ ಸುದ್ದಿಯನ್ನೆಲ್ಲ ಹಂಚಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಒಂದು ಬಸ್ಸಿನ ತುಂಬ ಪ್ರವಾಸಿಗರು ಬಂದರು, ಯಂತ್ರದ ಹಿಡಿ ಸಿಕ್ಕಿಹಾಕಿಕೊಂಡಿತು, ಮೇಪಲ್ ಐಸ್‌ಕ್ರೀಮು ಆರ್ವಿಲ್‌ನ ಮೊಣಕೈವರೆಗೆ ಇಳಿಯಿತು. ಆ ಅಂಟು ಕೈಯಲ್ಲೇ ಅವನು ಟ್ರಕ್ಕಿನ ಸ್ಟೀರಿಂಗ್ ಹಿಡಿದು ಪಕ್ಕದ ಮನೆಯ ಹೈರಮ್ ಅಜ್ಜನ ಹೊಲಕ್ಕೆ ಹೋದ.

ಅಜ್ಜ ಹುಲ್ಲಿನ ಹೊರೆಗಳ ನಡುವೆ ನಿಂತು ಆಕಾಶ ನೋಡುತ್ತಿದ್ದ. "ನಾವು ಅಜ್ಜನ ಕಾಲದಿಂದ ಆನೆ ಪಕ್ಷ. ನಾನು ಕತ್ತೆ ಚೀಟಿ ಮುಟ್ಟಿದರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

"ನಾನೂ ಆನೆಯವನೇ ಅಲ್ವಾ ಅಜ್ಜ. ನಮ್ಮ ವರ್ಮಾಂಟ್‌ನಲ್ಲಿ ನೀನು ಯಾವ ಪಕ್ಷ ಅಂತ ಯಾರೂ ಕೇಳಲ್ಲ. ಆನೆ, ಕತ್ತೆ, ಇನ್ನೊಂದು ಸಣ್ಣ ಪಕ್ಷ, ಮೂರರ ಚೀಟಿನೂ ಕೈಗೆ ಕೊಡ್ತಾರೆ. ಪರದೆ ಹಿಂದೆ ಹೋಗಿ ಒಂದಕ್ಕೆ ಗುರುತು ಹಾಕಿ ಮತಪೆಟ್ಟಿಗೆಗೆ ಹಾಕು. ಮಿಕ್ಕ ಎರಡನ್ನ ಬೇಡದ ಚೀಟಿ ಪೆಟ್ಟಿಗೆಗೆ ಹಾಕು. ಯಾವುದು ಎಲ್ಲಿಗೆ ಹೋಯ್ತು ಅಂತ ನಿಮ್ಮಪ್ಪನಿಗಲ್ಲ, ದೇವರಿಗೂ ಗೊತ್ತಾಗಲ್ಲ."

"ನನ್ನದೊಂದು ವೋಟಿಂದ ಏನಾಗತ್ತೆ?"

"ಪ್ರೈಮರಿಗೆ ಬರೋರೇ ಬೆರಳೆಣಿಕೆ ಜನ. ಇಲ್ಲಿ ಒಂದು ವೋಟು ಅಂದ್ರೆ ನವೆಂಬರ್‌ನ ನೂರು ವೋಟು."

ಅಜ್ಜ ಯೋಚಿಸಿದ. "ಮಳೆ ಬರೋ ಹಾಗಿದೆ. ಈ ಹುಲ್ಲು ಕೊಟ್ಟಿಗೆ ಸೇರಿದ್ರೆ ಬರ್ತೀನಪ್ಪ."

ಆರ್ವಿಲ್ ಹುಲ್ಲು ಹೊತ್ತ. ಅಂಟುಗೈಗೆ ಹುಲ್ಲೆಲ್ಲ ಮೆತ್ತಿಕೊಂಡು ಅವನು ಹೊಲದ ಬೆರ್ಚಪ್ಪನಂತೆ ಕಂಡ. ಅಜ್ಜ ನೆರಳಲ್ಲಿ ಕೂತು, "ಆ ಮೂಲೆಗೆ ಹಾಕು, ಅಲ್ಲಲ್ಲ, ಈ ಮೂಲೆಗೆ" ಎಂದು ಹೇಳುತ್ತಿದ್ದ. ಕೊನೆಯ ಹೊರೆ ಒಳಗೆ ಹೋದರೂ ಮಳೆ ಬರಲೇ ಇಲ್ಲ.

ಟೌನ್ ಹಾಲ್ ತಲುಪಿದಾಗ ಬಾಗಿಲು ಮುಚ್ಚುವ ಹೊತ್ತು. ಅಜ್ಜ ವೋಟು ಹಾಕಿ ಹೊರಬಂದ. ಊರಿನ ಗುಮಾಸ್ತೆ ವಿನಿಫ್ರೆಡ್ ಆರ್ವಿಲ್‌ನ ಕೈಗೆ ಮೂರು ಚೀಟಿ ಕೊಟ್ಟು, "ಏನೋ ಇದು ಅವತಾರ?" ಎಂದಳು. ಅವನು ಪರದೆಯ ಹಿಂದೆ ನಿಂತು ಕತ್ತೆ ಚೀಟಿಯಲ್ಲಿ ಕರ್ಟಿಸ್‌ನ ಹೆಸರಿಗೆ ಗುರುತು ಹಾಕಿದ, ಮಡಿಸಿದ, ನಿದ್ದೆಗಣ್ಣಿನಲ್ಲಿ ಬಂದು ಪೆಟ್ಟಿಗೆಗಳಿಗೆ ಹಾಕಿದ. ಕೈಬಿಟ್ಟ ಮೇಲೆ ತಿಳಿಯಿತು: ಗುರುತು ಹಾಕಿದ್ದು ಬೇಡದ ಪೆಟ್ಟಿಗೆಗೆ ಹೋಗಿತ್ತು. ಮತಪೆಟ್ಟಿಗೆಯೊಳಗೆ ಬಿದ್ದದ್ದು ಖಾಲಿ ಆನೆ ಚೀಟಿ.

"ವಿನಿಫ್ರೆಡ್ ಅಕ್ಕ, ತಪ್ಪು ಪೆಟ್ಟಿಗೆಗೆ ಹಾಕ್ಬಿಟ್ಟೆ. ಸ್ವಲ್ಪ ಬೀಗ ತೆಗೀರಿ."

"ಒಳಗೆ ಹೋದದ್ದು ಹೋಯ್ತಪ್ಪ. ನಿನಗೋಸ್ಕರ ಕಾನೂನು ಮುರಿಯೋಕಾಗತ್ತಾ?"

"ಅದು ನನ್ನ ವೋಟು."

"ಈಗ ರದ್ದಿ," ಎಂದಳು ವಿನಿಫ್ರೆಡ್.

ಎಣಿಕೆ ಶುರುವಾಯಿತು. ಆರ್ವಿಲ್ ಹಿಂದಿನ ಬೆಂಚಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ಹೆಂಡತಿ ಲುರೀನ್ ಪಕ್ಕದಲ್ಲಿ ಕೂತು ಅವನ ತೋಳಿನ ಹುಲ್ಲು ಕಿತ್ತಳು. ಹೇಲ್, ಕರ್ಟಿಸ್, ಹೇಲ್, ಕರ್ಟಿಸ್ ಎಂದು ವಿನಿಫ್ರೆಡ್ ಒಂದೊಂದೇ ಚೀಟಿ ಬಿಚ್ಚಿ ಓದುತ್ತಿದ್ದಳು. ಇಬ್ಬರೂ ಸಮಸಮ ಓಡುತ್ತಿದ್ದರು. ತನ್ನ ಒಂದು ವೋಟು ಹಾಳಾದದ್ದಕ್ಕೇ ಇನ್ನೆರಡು ವರ್ಷ ಮರದ ಕುರ್ಚಿ ಗತಿಯಾಯಿತಲ್ಲ ಎಂದು ಆರ್ವಿಲ್‌ಗೆ ಅಳು ಬಂದಂತಾಯಿತು.

ಕೊನೆಗೆ ಒಂದೇ ಚೀಟಿ ಉಳಿಯಿತು. ವಿನಿಫ್ರೆಡ್ ಅದನ್ನು ಬಿಚ್ಚಿ, ಕನ್ನಡಕ ಸರಿ ಮಾಡಿಕೊಂಡು, "ಕರ್ಟಿಸ್," ಎಂದಳು.

ಒಂದೇ ಒಂದು ಮತದಿಂದ ಗೆಲುವು. ಹೈರಮ್ ಅಜ್ಜ ಎದ್ದು ನಿಂತು ಕೆಮ್ಮಿದ. ಆರ್ವಿಲ್ ಬೆಂಚಿಗೊರಗಿ, ಮೂರು ವರ್ಷಗಳಲ್ಲಿ ಮೊದಲ ಸಲ ನೆಮ್ಮದಿಯಾಗಿ ಕಣ್ಣು ಮುಚ್ಚಿದ.

ಕರ್ಟಿಸ್ ಬಂದು ಅವನನ್ನು ತಬ್ಬಿಕೊಂಡ. "ಭಾವ, ಇದೆಲ್ಲ ನಿನ್ನಿಂದಲೇ ಆಗಿದ್ದು. ಇವತ್ತು ಸೋತಿದ್ರೆ ಶನಿವಾರ ಹೊರಡೋನಿದ್ದೆ. ಮೇನ್ ರಾಜ್ಯದಲ್ಲಿ ಒಬ್ಬ ಸ್ನೇಹಿತ ಸೀಗಡಿ ದೋಣಿಯಲ್ಲಿ ಕೆಲಸ ಕೊಡ್ತೀನಿ ಅಂತ ಕರೀತಿದ್ದ, ಮನೆನೂ ಕೊಡ್ತಿದ್ದ. ನಿಮಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

ಆರ್ವಿಲ್ ಕಣ್ಣು ಬಿಟ್ಟ. "ಈಗ ಮಾಂಟ್‌ಪೀಲಿಯರ್‌ನಲ್ಲಿ ಕೋಣೆ ಮಾಡ್ತೀಯಲ್ಲ?"

"ಅರ್ಧ ಗಂಟೆ ದಾರಿಗೆ ಕೋಣೆ ಯಾಕೆ ಭಾವ? ಶಾಸಕ ಅಂದ್ಮೇಲೆ ನಮ್ಮ ಜನರ ಮಧ್ಯನೇ ಇರಬೇಕು. ಇನ್ನೆರಡು ವರ್ಷ ನಾನು ಎಲ್ಲಿಗೂ ಹೋಗಲ್ಲ. ಮತ್ತೆ, ಜನ ಬಂದು ಹೋಗ್ತಿರ್ತಾರೆ ನೋಡು, ಅಡುಗೆಮನೆ ನನಗೆ ಆಫೀಸಿಗೆ ಬೇಕಾಗತ್ತೆ."

"ನಮ್ಮ ಕರ್ಟಿಸ್ ನಮ್ಮ ಕಣ್ಣೆದುರೇ ಇರ್ತಾನಲ್ರೀ," ಎಂದು ಲುರೀನ್ ಕಣ್ಣೊರೆಸಿಕೊಂಡಳು.

ಆರ್ವಿಲ್ ಸೊಂಟ ಹಿಡಿದುಕೊಂಡು ಎದ್ದು, ಚೀಟಿ ಕಟ್ಟುತ್ತಿದ್ದ ವಿನಿಫ್ರೆಡ್‌ಳ ಮೇಜಿನ ಬಳಿ ಹೋಗಿ ಮೆಲ್ಲಗೆ ಕೇಳಿದ:

"ಅಕ್ಕ, ಮರುಎಣಿಕೆ ಅರ್ಜಿ ಯಾರು ಹಾಕಬಹುದು?"

"ಸೋತವರು ಮಾತ್ರ."

"ಹಾಗಾದ್ರೆ ನನಗೊಂದು ಕೊಡಿ," ಎಂದು ಆರ್ವಿಲ್ ಕೈ ಚಾಚಿದ.